ಗ್ಯಾರೇಜಿನ ಮೂಲೆಯಿಂದ: ಮೂರನೆಯ ತುಳಿತಕ್ಕೆ ಹೊತ್ತಿದ ದೀಪ

ಕಳೆದ ಸಂಚಿಕೆಯಲ್ಲಿ ಚಳಿಗಾಲದ ಬ್ಯಾಟರಿಯ ವಿಷಯ ಬರೆದ ಮೇಲೆ ಕೆಲವು ಸದಸ್ಯರು ಫೋನ್ ಮಾಡಿ, "ಮುಂದಿನ ಸಲ ಸ್ವಲ್ಪ ದೊಡ್ಡ ಕಾರಿನ ಕಥೆ ಬರಲಿ" ಎಂದರು. ದೊಡ್ಡ ಕಾರು ತಾನಾಗಿಯೇ ಒದಗಿಬಂತು. ನಮ್ಮ ಸಂಘದ ಹಿರಿಯರೊಬ್ಬರು (ಹೆಸರು ಬೇಡವೆಂದಿದ್ದಾರೆ, ರಾಯರು ಎನ್ನೋಣ) 1978ರ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೋ ಕೊಂಡಿದ್ದರು. ಮದುವೆಯ ದಿನ ಮಗಳನ್ನು ಅದರಲ್ಲಿ ಕೂರಿಸಿ, ತಾವೇ ನಡೆಸಿಕೊಂಡು ಹೋಗಬೇಕೆಂಬುದು ಅವರ ಬಹುದಿನಗಳ ಆಸೆ. ಮದುವೆಗೆ ಉಳಿದಿದ್ದದ್ದು ಹದಿನೇಳು ದಿನ.

"ಎಲ್ಲಾ ಸರಿಯಾಗಿದೆಯಪ್ಪಾ. ಬ್ರೇಕ್ ಒತ್ತಿದಾಗ ಒಂದು ದೀಪ ಮಿಣುಕುತ್ತೆ, ಅಷ್ಟೆ. ಮಾರಿದವನು ವೈರು ಸಡಿಲ ಅಂದ. ಒಂದು ಕೈ ನೋಡಿಬಿಡು" ಎಂದರು.

ವೈರು ಸಡಿಲ ಎಂಬ ಮಾತನ್ನು ನಾನು ತಳ್ಳಿಹಾಕುವವನಲ್ಲ. ಇದೇ ಕಂಪನಿಯ ಸಿಲ್ವರ್ ಘೋಸ್ಟ್ ಕಾರನ್ನು 1907ರಲ್ಲಿ 15,000 ಮೈಲಿ ಓಡಿಸಿ ಪರೀಕ್ಷೆ ಮಾಡಿದರು. 629ನೆಯ ಮೈಲಿಯಲ್ಲಿ ಕಾರು ನಿಂತುಬಿಟ್ಟಿತು. ನೋಡಿದರೆ, ಅಲುಗಾಟಕ್ಕೆ ಪೆಟ್ರೋಲಿನ ನಲ್ಲಿ ತಾನೇ ತಿರುಗಿ ಮುಚ್ಚಿಕೊಂಡಿತ್ತು! ಅದನ್ನು ತೆರೆದ ಮೇಲೆ ಮಿಕ್ಕ 14,371 ಮೈಲಿ ತಂಟೆಯಿಲ್ಲದೆ ಓಡಿತು. ಆದ್ದರಿಂದ ಸುಲಭದ ಕಾರಣವನ್ನೇ ಮೊದಲು ಹುಡುಕಬೇಕು. ಆದರೆ ಹುಡುಕಬೇಕು, ಊಹಿಸಿ ಸುಮ್ಮನಾಗಬಾರದು.

ವೈರು ಸಡಿಲವಿದ್ದರೆ ದೀಪ ಹಳ್ಳದಿಣ್ಣೆಗೆ ಮಿಣುಕಬೇಕು. ರಾಯರ ಮನೆಯ ಹಿಂದಿನ ಕೆಟ್ಟ ರಸ್ತೆಯಲ್ಲಿ ಎರಡು ಸುತ್ತು ಹಾಕಿದೆವು. ಕಾರು ಕುಲುಕಿದರೂ ದೀಪ ಅಲ್ಲಾಡಲಿಲ್ಲ. ಪೆಡಲು ಮುಟ್ಟಿದೊಡನೆ ಮಿಣಕ್! ಕಾಲು ತೆಗೆದರೆ ಮಾಯ. ಅಲ್ಲಿಗೆ ನನ್ನ ಅನುಮಾನ ವೈರನ್ನು ಬಿಟ್ಟು ಕೆಳಕ್ಕೆ ಇಳಿಯಿತು.

ಈ ಕಾರಿನ ಬ್ರೇಕು ನಮ್ಮ ನಿಮ್ಮ ಕಾರಿನಂತಲ್ಲ. ಇಂಜಿನ್ನು ಎರಡು ಪುಟ್ಟ ಪಂಪುಗಳನ್ನು ನಡೆಸುತ್ತದೆ. ಅವು ಬ್ರೇಕಿನ ದ್ರವವನ್ನು ಎರಡು ಉಕ್ಕಿನ ಗುಂಡುಗಳಿಗೆ ತುಂಬುತ್ತವೆ. ಗುಂಡಿನೊಳಗೆ ಒಂದು ರಬ್ಬರಿನ ಪೊರೆ, ಅದರ ಆಚೆ ಬದಿಯಲ್ಲಿ ನೈಟ್ರೊಜನ್. ಒತ್ತಡ ಚದರ ಅಂಗುಲಕ್ಕೆ ಸುಮಾರು 2,500 ಪೌಂಡು. ನಮ್ಮ ಟೈರಿನಲ್ಲಿರುವುದು ಮೂವತ್ತರ ಆಸುಪಾಸು. ಊರಿನ ಮನೆಗಳಲ್ಲಿ ಪಂಪು ಹಾಕಿ ಮಹಡಿಯ ಮೇಲಿನ ಟ್ಯಾಂಕು ತುಂಬಿಸುತ್ತೇವಲ್ಲ, ಹಾಗೆಯೇ ಇದೂ. ಟ್ಯಾಂಕು ತುಂಬಿದ್ದರೆ ಕರೆಂಟು ಹೋದರೂ ನಲ್ಲಿಯಲ್ಲಿ ನೀರು. ಪಂಪು ಸೋತಿದ್ದರೆ ಟ್ಯಾಂಕು ತುಂಬಲು ಹೊತ್ತು ಹಿಡಿಯುತ್ತದೆ. ಎಲ್ಲೋ ಸೋರಿಕೆಯಿದ್ದರೆ ಯಾರೂ ನಲ್ಲಿ ಮುಟ್ಟದಿದ್ದರೂ ಬೆಳಗಾಗುವಷ್ಟರಲ್ಲಿ ಖಾಲಿ. ನೈಟ್ರೊಜನ್ ಹೋಗಿಬಿಟ್ಟಿದ್ದರೆ? ಆಗ ಟ್ಯಾಂಕಿನ ಜಾಗದಲ್ಲಿ ಒಂದು ಚೊಂಬು ಇಟ್ಟ ಹಾಗೆ. ಕ್ಷಣದಲ್ಲಿ ತುಂಬುತ್ತದೆ, ಒಂದು ಸಲ ಬಗ್ಗಿಸಿದರೆ ಮುಗಿಯಿತು.

ಪರೀಕ್ಷೆಗೆ ದುಡ್ಡು ಬೇಡ. ಇಂಜಿನ್ನನ್ನು ಐದು ನಿಮಿಷ ನಡೆಸಿ, ನಿಲ್ಲಿಸಿ, ಇಗ್ನಿಷನ್ ಮಾತ್ರ ಹಾಕಿ, ಎಣಿಸುತ್ತಾ ಪೆಡಲು ತುಳಿಯುವುದು. ಗುಂಡು ಆರೋಗ್ಯವಾಗಿದ್ದರೆ ಮೂವತ್ತು ದಾಟಿದರೂ ದೀಪ ಹೊತ್ತಬಾರದು. ರಾಯರೇ ತುಳಿದರು, ನಾನು ಎಣಿಸಿದೆ. ಮೂರಕ್ಕೆ ಒಂದು ದೀಪ ಹೊತ್ತಿತು. ಹತ್ತೊಂಬತ್ತಕ್ಕೆ ಇನ್ನೊಂದು. ಮತ್ತೆ ಇಂಜಿನ್ನು ಹಾಕಿದರೆ ಮೊದಲನೆಯ ದೀಪ ತಟ್ಟನೆ ಆರಿತು. ಹಾಗಾದರೆ ಪಂಪು ಚೆನ್ನಾಗಿದೆ, ಟ್ಯಾಂಕು ಚೊಂಬಾಗಿದೆ.

ಇದು ಕಾರು ಮಾಡಿದವರ ತಪ್ಪಲ್ಲ. ಇಷ್ಟು ವರ್ಷದಲ್ಲಿ ಪೊರೆ ಸವೆದು ಅನಿಲ ಸೋರುವುದು ಸಹಜ. ಆಗಾಗ ನೋಡಿಸಬೇಕಿತ್ತು, ನೋಡಿಸಿರಲಿಲ್ಲ. ಡಿಕ್ಕಿಯಲ್ಲಿ ಹಸಿರು ಖನಿಜ ತೈಲದ ಡಬ್ಬಿ ಬೇರೆ ಸಿಕ್ಕಿತು. ಅದು 1980ರಲ್ಲಿ ಬಂದ ಸಿಲ್ವರ್ ಸ್ಪಿರಿಟ್ಟಿಗೆ ಸಲ್ಲುವಂಥದ್ದು. ಶ್ಯಾಡೋಗೆ ಆರ್‌ಆರ್ 363 ಎಂಬ ದ್ರವವೇ ಆಗಬೇಕು, ಹಸಿರು ಬೆರೆತರೆ ಒಳಗಿನ ರಬ್ಬರೆಲ್ಲ ಹಾಳು. ಮುಚ್ಚಳ ತೆಗೆದು ನೋಡಿದೆ. ಪುಣ್ಯಕ್ಕೆ ಹಸಿರಿನ ಸುಳಿವಿರಲಿಲ್ಲ.

ಕಷ್ಟವಾದದ್ದು ಇದಾದ ಮೇಲೆ. ರಾಯರ ಶ್ರೀಮತಿಯವರು ಕಾಫಿ ತಂದಿಟ್ಟು, "ಹಾಗಾದ್ರೆ ಮದುವೆಗೆ ಆಗುತ್ತಲ್ಲ?" ಎಂದರು. ರಾಯರು ನನ್ನ ಮುಖ ನೋಡಲಿಲ್ಲ. "ಹತ್ತು ಮೈಲಿ ತಾನೇ. ಇನ್ನೊಂದು ಗುಂಡು ಇದೆಯಲ್ಲಪ್ಪಾ. ನಲವತ್ತು ವರ್ಷ ದಾಟಿದ ಕಾರಿಗೆ ಎಂ.ಓ.ಟಿ.ಯೂ ಬೇಡ" ಎಂದರು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ಹೆಚ್ಚು ಮಾರ್ಪಾಡು ಮಾಡದ ಅಂಥ ಕಾರುಗಳಿಗೆ ವರ್ಷದ ತಪಾಸಣೆ ಕಡ್ಡಾಯವಿಲ್ಲ, ನಿಜ. ಆದರೆ ರಸ್ತೆಗೆ ಯೋಗ್ಯವಾಗಿಡುವ ಹೊಣೆ ಮಾಲೀಕನಿಗೆ ತಪ್ಪಿಲ್ಲ. ಕಾರಿನ ತೂಕ ಎರಡು ಟನ್ನಿಗೂ ಮೇಲೆ. ಇಳಿಜಾರಿನಲ್ಲಿ ಇಂಜಿನ್ನು ನಿಂತರೆ ಉಳಿಯುವುದು ಆ ಹತ್ತೊಂಬತ್ತರ ಗುಂಡೊಂದೇ, ಅದೂ ಮುದಿಯೇ. "ರಾಯರೇ, ನನ್ನ ಮಗಳನ್ನಾದರೆ ನಾನು ಇದರಲ್ಲಿ ಕೂರಿಸುವುದಿಲ್ಲ" ಎಂದೆ. ಕಾಫಿ ಆರಿಹೋಯಿತು.

ಮಾರನೆಯ ದಿನ ಲಾರಿಯ ಮೇಲೆ ಹೇರಿ, ಈ ಕೆಲಸ ಬಲ್ಲ ಗ್ಯಾರೇಜಿಗೆ ಕಳಿಸಿದರು. ಅವರು ಗೇಜು ಹಾಕಿ ನೋಡಿ ನಮ್ಮ ಎಣಿಕೆಯನ್ನೇ ಒಪ್ಪಿದರು. ಎರಡೂ ಗುಂಡು ಬಿಚ್ಚಿ ಹೊಸ ಪೊರೆ ಹಾಕಬೇಕು, ಮೂರು ವಾರ ಬೇಕು ಎಂದರು. ಮದುವೆಯ ದಿನ ಹುಡುಗಿ ಬಂದದ್ದು ನನ್ನ ಹಳೆಯ ಹೋಂಡಾದಲ್ಲಿ, ಬಾನೆಟ್ಟಿಗೆ ಸೇವಂತಿಗೆ ಹಾರ ಕಟ್ಟಿಕೊಂಡು. ನಡೆಸಿದವರು ರಾಯರೇ. ದಾರಿಯುದ್ದಕ್ಕೂ ನನ್ನ ಕ್ಲಚ್ಚನ್ನು ಬೈದರಂತೆ.

ಶ್ಯಾಡೋ ಈಗ ಮನೆಗೆ ಬಂದಿದೆ. ಪ್ರತಿ ತಿಂಗಳ ಮೊದಲ ಭಾನುವಾರ ರಾಯರು ಇಂಜಿನ್ನು ನಿಲ್ಲಿಸಿ ತುಳಿಯುತ್ತಾರೆ, ಅಳಿಯ ಪಕ್ಕದಲ್ಲಿ ಕೂತು ಎಣಿಸುತ್ತಾನೆ. ಹೋದ ತಿಂಗಳು ನಲವತ್ತೆರಡು ಬಂತೆಂದು ಫೋನ್ ಮಾಡಿದ್ದರು.