ಕಡಲಾಚೆಯ ಪರೀಕ್ಷಾಕೇಂದ್ರ

ವೈದ್ಯ ಶಿಕ್ಷಣಕ್ಕೆ ನಮ್ಮ ದೇಶದಲ್ಲಿರುವ ಹೆಬ್ಬಾಗಿಲು ಒಂದೇ. ಅದು ‘ನೀಟ್’ ಪರೀಕ್ಷೆ. ಪ್ರತ್ಯೇಕವಾಗಿ ಪರೀಕ್ಷೆ ನಡೆಸುತ್ತಿದ್ದ ಏಮ್ಸ್, ಜಿಪ್ಮರ್ ಸಂಸ್ಥೆಗಳೂ 2020ರಲ್ಲಿ ಇದರೊಳಗೇ ಸೇರಿದವು. ಅಷ್ಟೇ ಅಲ್ಲ, ಪರದೇಶದಲ್ಲಿ ಎಂ.ಬಿ.ಬಿ.ಎಸ್. ಓದಿ ಇಲ್ಲಿ ವೃತ್ತಿ ನಡೆಸಬಯಸುವ ಭಾರತೀಯನೂ 2018ರಿಂದೀಚೆಗೆ ಮೊದಲು ನೀಟ್ ದಾಟಲೇಬೇಕು. ಹೀಗಿದ್ದೂ 2020ರವರೆಗೆ ಈ ಪರೀಕ್ಷೆಗೆ ಭಾರತದ ಹೊರಗೆ ಒಂದು ಕೇಂದ್ರವೂ ಇರಲಿಲ್ಲ!

ಕೊಲ್ಲಿ ದೇಶಗಳಿಗೆ ಹೋದವರೆಲ್ಲ ಕುಬೇರರೆಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಮಂಗಳೂರು, ಉಡುಪಿಗಳ ಕಡೆಯಿಂದ ಹೋದವರಲ್ಲಿ ಗುಮಾಸ್ತರು, ದಾದಿಯರು, ಅಂಗಡಿಯ ಲೆಕ್ಕ ಬರೆಯುವವರು ಎಷ್ಟೋ ಮಂದಿ. ಅವರ ಮಕ್ಕಳು ಅಲ್ಲಿಯ ಸಿ.ಬಿ.ಎಸ್.ಇ. ಶಾಲೆಗಳಲ್ಲಿ ಇಲ್ಲಿಯ ಪಠ್ಯವನ್ನೇ ಓದಿ, ಹನ್ನೆರಡನೆಯ ತರಗತಿಯ ಪರೀಕ್ಷೆಯನ್ನು ಅಲ್ಲಿಯೇ ಬರೆಯುತ್ತಾರೆ. ಆ ಬಳಿಕ ಮೂರು ಗಂಟೆಯ ಇನ್ನೊಂದು ಪರೀಕ್ಷೆಗಾಗಿ ವಿಮಾನವೇರಬೇಕಾಗಿತ್ತು. ಹದಿನೇಳರ ಹುಡುಗಿಯನ್ನು ಒಬ್ಬಳನ್ನೇ ಕಳುಹಿಸಲಾದೀತೆ? ತಾಯಿಯೂ ಹೊರಡಬೇಕು, ತಾಯಿ ದಾದಿಯಾದರೆ ರಜೆಯೂ ದೊರೆಯಬೇಕು.

ಮಹಾಮಾರಿಯ ವರ್ಷದಲ್ಲಿ ಈ ತೊಡಕು ಬಿಗಿಯಾಯಿತು. ನಿತ್ಯದ ವಿಮಾನಗಳು ನಿಂತಿದ್ದವು. ಪೋಷಕರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2020ರ ಆಗಸ್ಟಿನಲ್ಲಿ ನ್ಯಾಯಾಲಯವು ಹೊರದೇಶದ ಕೇಂದ್ರಕ್ಕೆ ಒಪ್ಪದೆ, ವಿದ್ಯಾರ್ಥಿಗಳು ‘ವಂದೇ ಭಾರತ್’ ವಿಮಾನಗಳಲ್ಲಿ ಬರಲು ಅನುಕೂಲ ಮಾಡಿಕೊಡುವಂತೆ ಸರ್ಕಾರಕ್ಕೆ ತಿಳಿಸಿತು. ಮರುವರ್ಷವೇ ಕುವೈತಿನಲ್ಲಿಯೂ ದುಬೈಯಲ್ಲಿಯೂ ಕೇಂದ್ರಗಳು ತೆರೆದವು. ಹನ್ನೆರಡು ತಿಂಗಳಲ್ಲಿ ಕಡಲೇನೂ ಕಿರಿದಾಗಿರಲಿಲ್ಲ. ಮನಸ್ಸು ಹಿರಿದಾಗಿತ್ತು, ಅಷ್ಟೆ.

ಅಧಿಕಾರಿಗಳ ಅಳುಕಿಗೂ ಕಾರಣವುಂಟು. ನೀಟ್ ಕಾಗದದ ಮೇಲೆ ಬರೆಯುವ ಪರೀಕ್ಷೆಯಾಗಿ ಬೆಳೆದುಬಂದದ್ದು. ಪ್ರಶ್ನಪತ್ರಿಕೆಯ ಗುಟ್ಟು ಉಳಿಯಬೇಕಾದರೆ ಎಲ್ಲೆಡೆಯೂ ಏಕಕಾಲಕ್ಕೆ ಕಟ್ಟು ಬಿಚ್ಚಬೇಕು. ಇಲ್ಲಿ ಮಧ್ಯಾಹ್ನ 2 ಗಂಟೆಯಾದಾಗ ದುಬೈಯಲ್ಲಿ 12.30, ಕುವೈತಿನಲ್ಲಿ 11.30, ಅಲ್ಲಿಗೇನೂ ಬಾಧಕವಿಲ್ಲ. ಮೇ ತಿಂಗಳ ನ್ಯೂಯಾರ್ಕಿನಲ್ಲಾದರೋ ಆಗ ಬೆಳಗಿನ ಜಾವದ 4.30! ಆದರೆ ಗುಟ್ಟಿನ ಮಾತಿಗೆ ಬಂದರೆ, 2024ರಲ್ಲಿ ಪತ್ರಿಕೆ ಸೋರಿದ್ದು ಹಜಾರಿಬಾಗ್, ಪಟ್ನಾಗಳಲ್ಲಿ. ಕಡಲಾಚೆ ಅಲ್ಲವೆಂಬುದನ್ನು ಮರೆಯಬಾರದು.

ಅದೇ 2024ರ ಫೆಬ್ರವರಿಯಲ್ಲಿ ಹೊರಬಂದ ಪ್ರಕಟಣೆಯಲ್ಲಿ ವಿದೇಶದ ಕೇಂದ್ರಗಳೆಲ್ಲ ಕಾಣೆಯಾಗಿದ್ದವು. ಪೋಷಕರು ಕಂಗಾಲಾದರು. ಕೂಗೆದ್ದ ಮೇಲೆ ಅದೇ ತಿಂಗಳು 12 ದೇಶಗಳ 14 ನಗರಗಳನ್ನು ಮತ್ತೆ ಸೇರಿಸಲಾಯಿತು. ಆ ವರ್ಷ ಸಾಮಾನ್ಯ ವರ್ಗದವರಿಗೆ ದೇಶದೊಳಗೆ ಶುಲ್ಕ 1,700 ರೂಪಾಯಿ. ಹೊರಗೆ ಬರೆಯುವವರಿಗೆ 9,500. ಇಬ್ಬರ ವಿಮಾನದ ವೆಚ್ಚವನ್ನು ನೆನೆದರೆ ಈ ಹಣವನ್ನು ಯಾರೂ ಹೆಚ್ಚೆನ್ನಲಾರರು. ಅವರು ಕೇಳುವುದು ಶುಲ್ಕದ ರಿಯಾಯಿತಿಯನ್ನಲ್ಲ. ಮಗು ಹನ್ನೊಂದನೆಯ ತರಗತಿಗೆ ಸೇರುವಾಗಲೇ, ಎರಡು ವರ್ಷಗಳ ಮೇಲೆ ತಮ್ಮೂರಿನಲ್ಲಿ ಕೇಂದ್ರವುಂಟೋ ಇಲ್ಲವೋ ಎಂಬುದು ತಿಳಿದಿರಲಿ, ರಜೆಯನ್ನೂ ಹಣವನ್ನೂ ಅದಕ್ಕೆ ತಕ್ಕಂತೆ ಕೂಡಿಡುತ್ತೇವೆ ಎನ್ನುತ್ತಾರೆ.