ಜಕಣಾಚಾರಿಯ ಹೆಂಡತಿಯ ಹೆಸರೇನು?

ನಮ್ಮ ಭಾಗದ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಜೊತೆ ಒಂದು ದಿನ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿದ್ದೆ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಊರು ಅದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಕಂಬಗಳ ನೆರಳಿನಲ್ಲಿ ಕೂತು ರೊಟ್ಟಿ ಬುತ್ತಿ ಬಿಚ್ಚಿದಾಗ ಹಿರಿಯಳೊಬ್ಬಳು, “ಇದನ್ನ ಜಕಣಾಚಾರಿ ಕಡದಾನಂತ” ಎಂದು ಕತೆ ಶುರು ಮಾಡಿದಳು. ನಮ್ಮ ಕಡೆ ಯಾವುದೇ ಚಂದದ ಗುಡಿ ಕಂಡರೂ ಅದು ಜಕಣಾಚಾರಿಯದೇ.

ಕತೆ ನಿಮಗೂ ಗೊತ್ತು. ತುಮಕೂರು ಸೀಮೆಯ ಕೈದಾಳದ ಶಿಲ್ಪಿ ಜಕಣಾಚಾರಿ ಹೆಂಡತಿಯನ್ನು ಬಿಟ್ಟು ದೇಶಾಂತರ ಹೋದ. ಆಕೆ ಗಂಡುಮಗುವನ್ನು ಹೆತ್ತಳು. ಮಗ ಡಂಕಣ ಬೆಳೆದು ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದ. ತಂದೆ ಕಡೆದ ಚೆನ್ನಿಗರಾಯನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ. “ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ” ಎಂದು ಜಕಣಾಚಾರಿ ಪಂಥ ಕಟ್ಟಿದ. ಉಳಿ ತಾಗಿದಾಗ ಕಲ್ಲೊಳಗಿಂದ ಕಪ್ಪೆ ಹೊರಬಂತು. ಮಾತಿನಂತೆ ಆತ ಕೈ ಕಡಿದುಕೊಂಡ. ಆಮೇಲೆ ಇವನೇ ನನ್ನ ಮಗ ಎಂದು ತಿಳಿಯಿತು, ಸಂಸಾರ ಒಂದಾಯಿತು. ದೇವರ ಅಪ್ಪಣೆಯಂತೆ ಊರಿಗೆ ಮರಳಿ ಗುಡಿ ಕಟ್ಟಿದಾಗ ಕಡಿದ ಕೈ ಮತ್ತೆ ಬಂತು. ಅದಕ್ಕೇ ಆ ಊರು ಕೈದಾಳ ಎನ್ನುತ್ತಾರೆ.

ಕತೆ ಮುಗಿದಾಗ ಎಲ್ಲರೂ ಕೈ ಮುಗಿದರು. ಒಬ್ಬಳು ಮಾತ್ರ, ಕುಷ್ಟಗಿ ಕಡೆಯಿಂದ ಬಂದ ಹುಡುಗಿ, ಕೇಳಿದಳು: “ಅಲ್ರೀ ಮೇಡಂ, ಅಂವಾ ಬಿಟ್ಟು ಹ್ವಾದ ಮ್ಯಾಲೆ ಆಕಿ ಹೊಟ್ಟಿಗೇನ್ ಮಾಡಿದ್ಲು? ಆಕಿ ಹೆಸರೇನ್ರಿ?”

ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಜಕಣಾಚಾರಿ ಎಂಬ ಒಬ್ಬನೇ ಮಹಾಶಿಲ್ಪಿ ಇದ್ದನೆಂಬುದಕ್ಕೆ ಇತಿಹಾಸದಲ್ಲಿ ಗಟ್ಟಿ ಆಧಾರವಿಲ್ಲ. ಬೇಲೂರಿನ ಗುಡಿಯನ್ನು ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ. ಅಲ್ಲಿನ ವಿಗ್ರಹಗಳ ಮೇಲೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳ ಹೆಸರುಗಳಿವೆ. ಆದರೆ ಜನರಿಗೆ ಬೇಕಾದದ್ದು ಜಕಣನ ಕತೆ. 1964ರಲ್ಲಿ ಬಿ.ಎಸ್. ರಂಗಾ ಅವರು ‘ಅಮರಶಿಲ್ಪಿ ಜಕಣಾಚಾರಿ’ ಚಿತ್ರ ತೆಗೆದರು. ಕಲ್ಯಾಣ್‌ಕುಮಾರ್, ಬಿ. ಸರೋಜಾದೇವಿ ನಟಿಸಿದ ಅದು ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. 1983ರ ಮೂರ್ತಿದೇವಿ ಪ್ರಶಸ್ತಿ ಪಡೆದ ಸಿ.ಕೆ. ನಾಗರಾಜರಾಯರ ದೊಡ್ಡ ಕಾದಂಬರಿ ‘ಪಟ್ಟಮಹಾದೇವಿ ಶಾಂತಲದೇವಿ’ಯಲ್ಲೂ ಈ ಶಿಲ್ಪಿಯ ಸಂಸಾರದ ಕತೆ ಇದೆ. ಸಿನಿಮಾದಲ್ಲಿ ಹೆಂಡತಿಗೆ ಮಂಜರಿ ಎಂದು ಹೆಸರು. ನಾನು ಚಿಕ್ಕಂದಿನಿಂದ ಕೇಳಿದ ಬಾಯಿಮಾತಿನ ಕತೆಯಲ್ಲಿ ಹೆಸರೇ ಇಲ್ಲ, ‘ಜಕಣನ ಹೇಣ್ತಿ’ ಅಷ್ಟೇ. ಮಗನ ಹೆಸರು ಮಾತ್ರ ಎಲ್ಲರಿಗೂ ಗೊತ್ತು. ಕಪ್ಪೆಗೂ ಹೆಸರಿದೆ, ಕಪ್ಪೆ ಚೆನ್ನಿಗರಾಯ ಎಂದು ದೇವರ ಹೆಸರಿನ ಜೊತೆ ಸೇರಿಕೊಂಡಿದೆ. ಹೆತ್ತು ಸಾಕಿದವಳು ಮಾತ್ರ ಅನಾಮಿಕಳು.

ನಾನು ಇಂಥ ಕತೆಗಳ ವಿರೋಧಿಯಲ್ಲ. ಐತಿಹಾಸಿಕ ಕಾದಂಬರಿಗಳನ್ನು ರಾತ್ರಿಯೆಲ್ಲ ಕಂದೀಲಿನ ಬೆಳಕಿನಲ್ಲಿ ಓದಿ ಬೆಳೆದವಳು. ಅಗಲಿದ ಗಂಡ ಹೆಂಡತಿ ಕೊನೆಯ ಅಧ್ಯಾಯದಲ್ಲಿ ಎದುರಾದಾಗ ಕಣ್ಣೀರು ಹಾಕಿದವಳು. ಮುರಿದದ್ದು ಕೂಡಬೇಕೆಂಬ ಆಸೆ ಕೆಟ್ಟದ್ದಲ್ಲ. ಗಂಡನ ಮನೆ ಬಿಟ್ಟು ಬಂದ ಹೆಣ್ಣಿನ ಮನಸ್ಸಿನಲ್ಲೂ ಆ ಆಸೆ ಇರುತ್ತದೆ. ಅವಳನ್ನು ದಡ್ಡಿ ಎನ್ನಲು ನಾನು ಯಾರು? ನನ್ನ ತಕರಾರು ಇರುವುದು ಆ ಕತೆಗಳಲ್ಲಿ ಸಂಸಾರ ಮುರಿಯುವ ಕಾರಣದ ಬಗ್ಗೆ ಮತ್ತು ಕೂಡುವ ರೀತಿಯ ಬಗ್ಗೆ.

ಈ ಕತೆಗಳಲ್ಲಿ ಗಂಡ ಕೆಟ್ಟವನಾಗಿರುವುದಿಲ್ಲ. ದುಷ್ಟ ಅರಸ ಇರುತ್ತಾನೆ, ಚಾಡಿಕೋರ ಮಂತ್ರಿ ಇರುತ್ತಾನೆ, ಇಲ್ಲವೇ ಒಂದು ಶಾಪ ಇರುತ್ತದೆ. ಗಂಡ ಅದರಲ್ಲಿ ಮೋಸ ಹೋಗುತ್ತಾನೆ ಅಷ್ಟೇ. ಶಕುಂತಲೆಯ ಕತೆಯನ್ನೇ ನೋಡಿ. ಮಹಾಭಾರತದಲ್ಲಿ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲವೂ ನೆನಪಿದೆ. ಜನ ಏನಂದಾರು ಎಂದು ತುಂಬಿದ ಸಭೆಯಲ್ಲಿ ಅವಳನ್ನು ತಿಳಿದೂ ತಿಳಿದೂ ಅಲ್ಲಗಳೆಯುತ್ತಾನೆ. ಆಕಾಶವಾಣಿ ಆದ ಮೇಲೆ ಒಪ್ಪಿಕೊಳ್ಳುತ್ತಾನೆ. ಶಾಪವನ್ನು, ಉಂಗುರ ಕಳೆದುದರಿಂದಾದ ಮರೆವನ್ನು ತಂದು ಸೇರಿಸಿದವನು ನಾಟಕ ಬರೆದ ಕಾಳಿದಾಸ. ನಾಟಕ ಚಂದವಾಯಿತು, ರಾಜ ನಿರಪರಾಧಿಯಾದ. ತಪ್ಪು ಶಕುಂತಲೆಯ ತಲೆಗೆ ಬಂತು. ಅತಿಥಿಯನ್ನು ಗಮನಿಸದೆ ಗಂಡನ ಧ್ಯಾನದಲ್ಲಿ ಕೂತದ್ದು ಅವಳು, ಉಂಗುರ ಕಳೆದವಳೂ ಅವಳೇ!

ನಮ್ಮ ನಾಲ್ಕು ತಾಲ್ಲೂಕುಗಳ ಯಾವ ಸಂಘದಲ್ಲಾದರೂ ಕೇಳಿ. ಯಾರ ಸಂಸಾರ ಶಾಪದಿಂದ ಮುರಿದಿದೆ? ಕೊಡಬೇಕಿದ್ದ ಎರಡು ತೊಲೆ ಬಂಗಾರ ಬಾಕಿ ಉಳಿಯಿತೆಂದು ಮುರಿದಿದೆ. ಕುಡಿತಕ್ಕೆ, ಹೆಣ್ಣು ಹಡೆದದ್ದಕ್ಕೆ, ಗೇಯ್ದು ತಂದ ಕೂಲಿ ಹಣ ಕೊಡಲಿಲ್ಲವೆಂಬ ಹೊಡೆತಕ್ಕೆ ಮುರಿದಿದೆ. ಇಲ್ಲಿ ತಿಳಿಯದೆ ಆದದ್ದು ಯಾವುದೂ ಇಲ್ಲ. ಎಲ್ಲ ಬಲ್ಲವರೇ ಮಾಡಿದ್ದು. ಆದರೆ ಪಂಚರು ಕಟ್ಟೆಯ ಮೇಲೆ ಕೂತಾಗ ಹೇಳುವುದು ಕಾದಂಬರಿಯ ಭಾಷೆಯನ್ನೇ. “ಏನೋ ಗ್ರಹಚಾರ, ಯಾರೋ ಕಿವಿ ಊದಿದರು. ಹೊಂದಿಕೊಂಡು ಹೋಗವ್ವಾ” ಎನ್ನುತ್ತಾರೆ. ಉಡಿ ತುಂಬಿ ಬಸ್ಸು ಹತ್ತಿಸುತ್ತಾರೆ.

ನಾನೂ ಹಾಗೆ ಒಬ್ಬಳನ್ನು ಬಸ್ಸು ಹತ್ತಿಸಿದ್ದೇನೆ. ಇದನ್ನು ಬರೆಯಲು ನನಗೆ ಬಹಳ ವರ್ಷ ಬೇಕಾಯಿತು. ನನ್ನ ಹಳೆಯ ವಿದ್ಯಾರ್ಥಿನಿ, ಓದಿನಲ್ಲಿ ಚುರುಕಾದವಳು, ಒಂದು ರಾತ್ರಿ ಬರಿಗಾಲಲ್ಲಿ ನಮ್ಮ ಮನೆಗೆ ಬಂದಳು. ತವರಿನವರು ಬಾಗಿಲು ತೆಗೆದಿರಲಿಲ್ಲ. ಎರಡು ದಿನ ಇಟ್ಟುಕೊಂಡೆ. ಮೂರನೆಯ ದಿನ ಗಂಡ ಬಂದ. ತಲೆ ತಗ್ಗಿಸಿ ಅಂಗಳದಲ್ಲಿ ನಿಂತ, ಕಣ್ಣೊರೆಸಿಕೊಂಡ. ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ನಾನು ಆ ಮೌನವನ್ನೇ ಪಶ್ಚಾತ್ತಾಪ ಎಂದು ಓದಿದೆ. ಕಾದಂಬರಿ ಓದಿ ಓದಿ ಕಣ್ಣೀರಿಗೆ ಅರ್ಥ ಹಚ್ಚುವುದು ನನಗೆ ರೂಢಿಯಾಗಿತ್ತು. “ಒಮ್ಮೆ ನೋಡು, ಮನಸ್ಸು ಕರಗೇದ” ಎಂದು ಕಳಿಸಿದೆ. ಅವಳು ನನ್ನ ಮುಖ ನೋಡಿದಳು, ಮಾತಾಡದೆ ಹೋದಳು. ಎರಡು ತಿಂಗಳಿಗೆ ಅವಳ ಬಲಗೈ ಮುರಿದ ಸುದ್ದಿ ಬಂತು. ಕಲ್ಲು ಎತ್ತಿ ಹಾಕಿದ್ದ. ಜಕಣಾಚಾರಿಯ ಕೈ ತಿರುಗಿ ಬಂತು. ಇವಳ ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಈಗ ಅವಳು ಬೇರೆ ಊರಿನಲ್ಲಿ ಎಡಗೈಯಲ್ಲಿ ಬರೆಯುವುದನ್ನು ಕಲಿತು ದುಡಿಯುತ್ತಿದ್ದಾಳೆ. ನನ್ನನ್ನು ಬೈದಿಲ್ಲ. ಬೈದಿದ್ದರೆ ಚಲೋ ಇತ್ತು.

ಇಟಗಿಯಲ್ಲಿ ಆ ಹುಡುಗಿ ಕೇಳಿದ ಮೇಲೆ ನನಗೆ ಹೊಳೆದದ್ದು ಇದು. ಕಲ್ಲಿನ ದೋಷ ಕಂಡುಹಿಡಿಯದ ತಪ್ಪಿಗೆ ಜಕಣಾಚಾರಿ ಎಲ್ಲರೆದುರು ಬಲಗೈ ಕಡಿದುಕೊಂಡ. ಹೆಂಡತಿಯನ್ನು ಬಿಟ್ಟುಹೋದ ತಪ್ಪಿಗೆ ಏನು ಕೊಟ್ಟ? ಕೆಲವರು ಅವನು ಕಲೆಯ ಹುಚ್ಚಿನಲ್ಲಿ ಹೋದ ಎನ್ನುತ್ತಾರೆ. ಸಿನಿಮಾದಲ್ಲಿ ಹೆಂಡತಿಯ ಶೀಲದ ಮೇಲೆ ಅನುಮಾನಪಟ್ಟು ಹೋಗುತ್ತಾನೆ. ಯಾವುದೇ ಇರಲಿ, ಬಸುರಿಯನ್ನು ನಡುನೀರಿನಲ್ಲಿ ಬಿಟ್ಟದ್ದು ನಿಜ. ಕಸುಬಿನ ಮಾನಕ್ಕೆ ಒಂದು ಕೈಯ ಬೆಲೆ, ಹೆಂಡತಿಯ ಬದುಕಿಗೆ ಒಂದು ಮಾತಿನ ಬೆಲೆಯೂ ಇಲ್ಲ. ಮಗನ ಮುಖ ನೋಡಿ ಸಂಸಾರ ಕೂಡಿತು. ಆಕೆಯನ್ನು ಯಾರೂ ಕೇಳಲಿಲ್ಲ.

ಈಗಲೂ ಕೇಳುತ್ತಿಲ್ಲ. ಲೋಕ ಅದಾಲತ್ ನಡೆದ ಮರುದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಬೇರೆಯಾಗಿದ್ದ ದಂಪತಿಗಳು ಹಾರ ಬದಲಿಸಿಕೊಳ್ಳುತ್ತಾರೆ, ಸಿಹಿ ತಿನ್ನಿಸುತ್ತಾರೆ, ಹಿಂದೆ ವಕೀಲರು ನಗುತ್ತ ನಿಂತಿರುತ್ತಾರೆ. ಸಂತೋಷವೇ. ಆದರೆ ಅದು ಕಾದಂಬರಿಯ ಕೊನೆಯ ಪುಟ. ಆರು ತಿಂಗಳ ನಂತರದ ಚಿತ್ರವನ್ನು ಯಾವ ಪತ್ರಿಕೆಯೂ ಹಾಕುವುದಿಲ್ಲ. ಆ ಹೆಂಗಸು ಹೇಗಿದ್ದಾಳೆ ಎಂದು ಹೋಗಿ ನೋಡಬೇಕಾದವರು ನಾವು.

ಕಾನೂನಿನ ಕೆಲವು ಸಂಗತಿ ನೆನಪಿರಲಿ. ಲೋಕ ಅದಾಲತ್ತಿನಲ್ಲಿ ಒಪ್ಪಿ ಸಹಿ ಮಾಡಿದ ತೀರ್ಮಾನ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ. ತಿರುಗಿ ಹೋಗಿ ಕೂಡಿ ಬಾಳಿದರೆ, ಹಿಂದಿನ ಕ್ರೌರ್ಯವನ್ನು ಕ್ಷಮಿಸಿಬಿಟ್ಟಳು ಎಂದು ವಾದಿಸಲು ಎದುರಿನವರಿಗೆ ಅವಕಾಶ ಸಿಗುತ್ತದೆ. ಅದಕ್ಕೇ ಹಿಂದೆ ಏನಾಯಿತು, ಮುಂದೆ ಏನಾಗಬಾರದು ಎರಡನ್ನೂ ಬರೆಸಿ. ಹಿಂದೂ ವಿವಾಹ ಕಾಯಿದೆಯ 9ನೇ ಕಲಮಿನ ಪ್ರಕಾರ ಹೆಂಡತಿ ಬಂದು ಬಾಳಬೇಕೆಂದು ಗಂಡ ನೋಟಿಸು ಕಳಿಸಬಹುದು. ಈ ಕಲಮು ಸಂವಿಧಾನಕ್ಕೆ ವಿರುದ್ಧ ಎಂದು 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಹೇಳಿತ್ತು, 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪದೆ ಕಲಮನ್ನೇ ಎತ್ತಿಹಿಡಿಯಿತು. ಆದರೂ ಹೆದರಬೇಡಿ. ಹೊಡೆತ ಬಡಿತ ಇದ್ದರೆ ಹೋಗದಿರಲು ಅದೇ ನ್ಯಾಯವಾದ ಕಾರಣ. ಡಿಕ್ರಿ ಆದರೂ ಹೆಣ್ಣನ್ನು ಕೈಹಿಡಿದು ಎಳೆದೊಯ್ಯುವ ಅಧಿಕಾರ ಯಾರಿಗೂ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ಗಂಡನ ಮನೆಯಲ್ಲಿ ಇದ್ದುಕೊಂಡೇ ರಕ್ಷಣೆಯ ಆದೇಶ ಪಡೆಯಬಹುದು. ಹಳೆಯ 498ಎ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಹಾಗಾದರೆ ಮುರಿದ ಸಂಸಾರ ಕೂಡಲೇಬಾರದೇ? ಕೂಡಲಿ. ಗಂಗಾವತಿ ಕಡೆಯ ಒಬ್ಬ ಗಂಡ ಐದು ಜನರ ಎದುರು ನಿಂತು, “ನಾ ಹೊಡದೀನಿ. ಆಕೀದೇನೂ ತಪ್ಪಿಲ್ಲ” ಎಂದು ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಆದರೂ ಆಕೆ ತಕ್ಷಣ ಹೋಗಲಿಲ್ಲ. ಆರು ತಿಂಗಳು ಕಾದಳು. ಅವನು ಕುಡಿತ ಬಿಟ್ಟ, ಒತ್ತೆ ಇಟ್ಟ ಅವಳ ಬೆಂಡೋಲೆ ಬಿಡಿಸಿ ತಂದುಕೊಟ್ಟ. ಆಮೇಲೆ ಹೋದಳು. ಈಗ ಚೆನ್ನಾಗಿದ್ದಾರೆ. ಆ ಸಂಸಾರದ ಕತೆಯನ್ನು ಯಾರೂ ಕಾದಂಬರಿ ಮಾಡಿಲ್ಲ. ಮಾಡಿದರೆ ನಾನು ಮೊದಲು ಕೊಂಡು ಓದುತ್ತೇನೆ.

ಸಂಘದಲ್ಲಿ ಸಾಲ ಕಟ್ಟದೆ ಉಳಿಸಿಕೊಂಡವಳು ಮತ್ತೆ ಸಾಲ ಕೇಳಿದರೆ ನಾವು ಏನು ಮಾಡುತ್ತೇವೆ? ಹಿಂದಿನ ಬಾಕಿ ಯಾಕೆ ನಿಂತಿತು, ಈಗ ಏನು ಬದಲಾಗಿದೆ, ಜಾಮೀನು ಯಾರು ಎಂದು ಕೇಳಿ ಠರಾವು ಬರೆಯುತ್ತೇವೆ. ಹತ್ತು ಸಾವಿರಕ್ಕೆ ಇಷ್ಟು ವಿಚಾರಣೆ. ಮಗಳನ್ನು ತಿರುಗಿ ಕಳಿಸುವಾಗ ಒಂದು ಪ್ರಶ್ನೆಯೂ ಇಲ್ಲವೇ? ಹೊಡೆದವನು ಬಾಯಿಬಿಟ್ಟು ತಪ್ಪು ಒಪ್ಪಿಕೊಂಡನೇ? ಯಾವ ಕಾರಣಕ್ಕೆ ಜಗಳವಾಯಿತೋ ಆ ಕಾರಣ ಹೋಯಿತೇ? ಅವಳ ಬಂಗಾರ, ಪಾತ್ರೆ, ಪಾಸ್‌ಬುಕ್ಕು ಅವಳ ಕೈಗೆ ಬಂದವೇ? ಮತ್ತೆ ಕೈಯೆತ್ತಿದರೆ ಅವಳು ರಾತ್ರಿ ಯಾರ ಬಾಗಿಲು ಬಡಿಯಬೇಕು, ಅವರು ತೆಗೆಯುತ್ತಾರೆಯೇ? ಎಲ್ಲಕ್ಕಿಂತ ಮೊದಲು, ಅವಳಿಗೆ ಹೋಗಲು ಮನಸ್ಸಿದೆಯೇ? ಈ ಕೊನೆಯ ಪ್ರಶ್ನೆಯನ್ನು ಗಂಡಸರಿಲ್ಲದ ಕಡೆ, ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು.

ಇಲ್ಲ ಎಂದರೆ ಇಲ್ಲ. ಹರಿಹರನ ರಗಳೆಯಲ್ಲಿ ಅಕ್ಕಮಹಾದೇವಿ ಷರತ್ತು ಹಾಕಿ ಕೌಶಿಕನ ಮನೆ ಸೇರಿದಳು, ಷರತ್ತು ಮುರಿದಾಗ ಎದ್ದು ಹೊರಟಳು. ಎಂಟು ನೂರು ವರ್ಷಗಳಿಂದ ಅವಳನ್ನು ಅಕ್ಕ ಎಂದು ಪೂಜಿಸುತ್ತಿರುವ ನಾವು, ಮನೆಗೆ ಬಂದ ಮಗಳಿಗೆ ಮಾತ್ರ ತಿರುಗಿ ಹೋಗು ಎನ್ನುತ್ತೇವೆ.

ಆ ಹುಡುಗಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಜಕಣಾಚಾರಿಯ ಹೆಂಡತಿ ಹೊಟ್ಟೆಗೆ ಏನು ಮಾಡಿದಳೋ ಗೊತ್ತಿಲ್ಲ. ಬಹುಶಃ ನಿಮ್ಮ ಹಾಗೆ ಕೂಲಿ ಮಾಡಿದಳು, ಮಗನಿಗೆ ಉಳಿ ಸುತ್ತಿಗೆ ಕೊಡಿಸಿದಳು. ಮುಂದಿನ ಸಲ ಯಾರಾದರೂ ಈ ಕತೆ ಹೇಳಿದರೆ ನಡುವೆ ತಡೆದು ಅವಳ ಹೆಸರು ಕೇಳಿ. ಮುಂದಿನ ಸಲ ನಿಮ್ಮ ಓಣಿಯ ಮಗಳ ರಾಜಿ ಪಂಚಾಯತಿ ನಡೆದರೆ, ಹಾರ ತರುವ ಮುಂಚೆ ಅವಳ ಮಾತು ಕೇಳಿ. ನಾನು ಕೇಳಿರಲಿಲ್ಲ.