ಮನೆಯ ಆರೋಗ್ಯ: ಒಂದೇ ಮಾತ್ರೆಯೆಂಬ ಅಸಡ್ಡೆ ಬೇಡ

ಹೂಡಿಯಿಂದ ಸೋದರಿಯೊಬ್ಬರು ಬರೆದ ಪತ್ರ ಈ ತಿಂಗಳ ಅಂಕಣಕ್ಕೆ ಕಾರಣವಾಗಿದೆ. ಅವರ ಅತ್ತೆಯವರಿಗೆ ಅರವತ್ತು ದಾಟಿದೆ. ಮಧುಮೇಹಕ್ಕಾಗಿ ಬಹುಕಾಲದಿಂದ ಗ್ಲಿಮೆಪಿರೈಡ್ ಸೇವಿಸುತ್ತಿದ್ದಾರೆ. ಗುಪ್ತಾಂಗದಲ್ಲಿ ತುರಿಕೆ ಆರಂಭವಾದಾಗ ಮಗನಿಗೆ ಹೇಳಲಾರದೆ, ವೈದ್ಯರ ಬಳಿ ಹೋಗಲು ಸಂಕೋಚಪಟ್ಟು, ಬಹಳ ದಿನ ಸಹಿಸಿಕೊಂಡಿದ್ದರಂತೆ. ಕೊನೆಗೆ ಸೊಸೆಯೇ ಕೆಲಸದಿಂದ ಮರಳುವಾಗ ಔಷಧಿ ಅಂಗಡಿಯೊಂದರಿಂದ, ವೈದ್ಯರ ಚೀಟಿಯಿಲ್ಲದೆ, ಫ್ಲುಕೊನಜೋಲ್ 150 ಮಿಲಿಗ್ರಾಂ ಮಾತ್ರೆಗಳನ್ನು ತಂದುಕೊಟ್ಟರು. ಮರುದಿನವೂ ತುರಿಕೆ ತಗ್ಗಲಿಲ್ಲವೆಂದು ಇನ್ನೊಂದು, ಅದರ ಮರುದಿನ ಮತ್ತೊಂದು ಮಾತ್ರೆ ನುಂಗಿದರು. ಮೂರನೆಯ ರಾತ್ರಿ ಮೈಯೆಲ್ಲ ಬೆವತು, ಕೈ ನಡುಗಿ, ಮಾತು ತೊದಲಿತು. ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಒಯ್ದಾಗ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿದಿತ್ತು. "ನಾನೇ ತಂದುಕೊಟ್ಟ ಮಾತ್ರೆ, ತಪ್ಪು ನನ್ನದೇ?" ಎಂದು ಸೋದರಿ ಕೇಳಿದ್ದಾರೆ.

ತಾಯೀ, ನಿಮ್ಮ ಕಾಳಜಿಯಲ್ಲಿ ದೋಷವಿರಲಿಲ್ಲ. ಆ ಗಳಿಗೆಯಲ್ಲಿ ಸಕ್ಕರೆ ನೀರು ಕುಡಿಸಿದ್ದೂ ಸರಿಯಾಯಿತು. ಪ್ರಜ್ಞೆಯಿದ್ದು ನುಂಗಬಲ್ಲವರಿಗೆ ಮಾತ್ರ ಹಾಗೆ ಕೊಡಬೇಕು ಎಂಬುದನ್ನು ನೆನಪಿಡಿ. ಆದರೆ "ಬೇರೆ ಯಾವ ಮಾತ್ರೆ ಸೇವಿಸುತ್ತಿದ್ದಾರೆ?" ಎಂದು ಅಂಗಡಿಯವರು ಕೇಳಬೇಕಿತ್ತು, ಕೇಳಲಿಲ್ಲ.

ಫ್ಲುಕೊನಜೋಲ್ ಉತ್ತಮವಾದ ಔಷಧಿಯೇ. ಕ್ಯಾಂಡಿಡಾ ಎಂಬ ಶಿಲೀಂಧ್ರದಿಂದ ಬರುವ ಸಾಮಾನ್ಯ ಸೋಂಕಿಗೆ 150 ಮಿಲಿಗ್ರಾಮಿನ ಒಂದೇ ಮಾತ್ರೆ ಬಹುಮಂದಿಗೆ ಸಾಕಾಗುತ್ತದೆ. ಏಕೆಂದರೆ ಅದು ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ಅರ್ಧದಷ್ಟು ಕರಗಲು ಸುಮಾರು 30 ಗಂಟೆ ಬೇಕು. ಇಂದು ನುಂಗಿದ್ದು ನಾಡಿದ್ದೂ ಕೆಲಸ ಮಾಡುತ್ತಲೇ ಇರುತ್ತದೆ. ತುರಿಕೆ ಪೂರ್ತಿ ಅಡಗಲು ಕೆಲವು ದಿನ ಹಿಡಿಯುವುದು ಸಹಜ. ಇದನ್ನರಿಯದೆ ದಿನಕ್ಕೊಂದರಂತೆ ನುಂಗಿದರೆ ಔಷಧಿ ಒಳಗೇ ಶೇಖರವಾಗುತ್ತದೆ.

ಅಪಾಯ ಅಲ್ಲಿಂದಲೇ ಆರಂಭ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಸಕ್ಕರೆ ಮಾತ್ರೆಗಳನ್ನು ಯಕೃತ್ತಿನ ಒಂದು ಕಿಣ್ವ ಒಡೆದು ಹಾಕುತ್ತದೆ. ಫ್ಲುಕೊನಜೋಲ್ ಆ ಕಿಣ್ವದ ಕೈ ಕಟ್ಟುತ್ತದೆ. ಫಿನ್‌ಲೆಂಡಿನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ದಿನ ಫ್ಲುಕೊನಜೋಲ್ ಸೇವಿಸಿದವರ ರಕ್ತದಲ್ಲಿ ಗ್ಲಿಮೆಪಿರೈಡ್ ಪ್ರಮಾಣ ಎರಡು ಪಟ್ಟಿಗೂ ಹೆಚ್ಚಾಗಿತ್ತು. ನುಂಗಿದ್ದು ಒಂದು ಮಾತ್ರೆ, ದೇಹ ಕಂಡದ್ದು ಎರಡು ಮಾತ್ರೆಯಷ್ಟು! ವಯಸ್ಸಾದವರು, ಮೂತ್ರಪಿಂಡ ದುರ್ಬಲವಾದವರು, ಊಟ ತಪ್ಪಿಸುವವರು ಇದನ್ನು ತಾಳಲಾರರು. ಉಪವಾಸದ ದಿನವಾದರಂತೂ ಹೇಳುವುದೇ ಬೇಡ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ರಕ್ತಸ್ರಾವದ ಭಯವಿದೆ. ಅಪಸ್ಮಾರದ ಫೆನಿಟಾಯಿನ್, ಕೊಲೆಸ್ಟರಾಲಿಗೆ ಕೊಡುವ ಕೆಲವು ಸ್ಟ್ಯಾಟಿನ್‌ಗಳು ಕೂಡ ಫ್ಲುಕೊನಜೋಲಿನಿಂದ ಮಿತಿಮೀರಬಲ್ಲವು. ಇನ್ನು ನಮ್ಮ ಮನೆಗಳಲ್ಲಿ ಹುಳಿತೇಗಿಗೆಂದು ಲೆಕ್ಕವಿಲ್ಲದೆ ನುಂಗುವ ಮಾತ್ರೆಗಳಲ್ಲಿ ಅನೇಕ ವೇಳೆ ಡೊಂಪೆರಿಡೋನ್ ಸೇರಿರುತ್ತದೆ. ಅದೂ ಫ್ಲುಕೊನಜೋಲೂ ಜೊತೆಗೂಡಿದರೆ ಹೃದಯದ ಬಡಿತ ತಾಳ ತಪ್ಪಬಹುದು. ಆ ಮಾತ್ರೆಯನ್ನು ಯಾರೂ ಔಷಧಿಯೆಂದೇ ಲೆಕ್ಕಿಸುವುದಿಲ್ಲ. ವೈದ್ಯರು ಕೇಳಿದಾಗ ಹೇಳುವುದೂ ಇಲ್ಲ.

ಗರ್ಭಿಣಿಯರು, ಮುಟ್ಟು ತಪ್ಪಿ ಸಂಶಯದಲ್ಲಿರುವವರು ಈ ಮಾತ್ರೆಯನ್ನು ತಾವಾಗಿ ನುಂಗಲೇಬಾರದು. ಡೆನ್ಮಾರ್ಕಿನ ದಾಖಲೆಗಳನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವು, ಗರ್ಭಾವಸ್ಥೆಯಲ್ಲಿ ಇದನ್ನು ಸೇವಿಸಿದವರಲ್ಲಿ ಗರ್ಭಪಾತದ ಸಂಭವ ಸುಮಾರು ಒಂದೂವರೆ ಪಟ್ಟು ಇದ್ದುದನ್ನು ತೋರಿಸಿತು. ಅವರಿಗೆ ಒಳಗೆ ಇರಿಸುವ ಕ್ಲೋಟ್ರಿಮಜೋಲ್ ಮಾತ್ರೆ ಅಥವಾ ಕ್ರೀಮನ್ನು ವೈದ್ಯರು ಸೂಚಿಸುತ್ತಾರೆ.

ಬಿಳಿಸೆರಗೆಲ್ಲವೂ ಶಿಲೀಂಧ್ರವಲ್ಲ ಎಂಬುದನ್ನೂ ತಾಯಂದಿರು ಅರಿಯಬೇಕು. ಒಡೆದ ಮೊಸರಿನಂತಹ, ಹೆಚ್ಚು ವಾಸನೆಯಿಲ್ಲದ ಸ್ರಾವ ಮತ್ತು ತೀವ್ರ ತುರಿಕೆ ಕ್ಯಾಂಡಿಡಾದ ಲಕ್ಷಣ. ದುರ್ವಾಸನೆ, ಹಸಿರು ಅಥವಾ ಹಳದಿ ಬಣ್ಣ, ಕಿಬ್ಬೊಟ್ಟೆಯ ನೋವು, ಜ್ವರ ಇದ್ದರೆ ಬೇರೆ ರೋಗವಿರಬಹುದು. ಅದಕ್ಕೆ ಫ್ಲುಕೊನಜೋಲ್ ಒಂದರಿಂದಲೇ ಪ್ರಯೋಜನವಿಲ್ಲ. ಋತುಬಂಧದ ಅನಂತರ ರಕ್ತ ಕಂಡರಂತೂ ತಡಮಾಡದೆ ಪರೀಕ್ಷೆಯಾಗಬೇಕು. ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇಂತಹ ಸ್ರಾವಕ್ಕೆ ಕೊಡುವ ಹಸಿರು ಕಿಟ್‌ನಲ್ಲಿ ಫ್ಲುಕೊನಜೋಲ್ ಜೊತೆಗೆ ಸೆಕ್ನಿಡಜೋಲ್ ಇರುವುದು ಇದೇ ಕಾರಣಕ್ಕೆ.

ಮಾತ್ರೆ ನುಂಗಿದ ಮೇಲೆ ಮೈಮೇಲೆ ಗುಳ್ಳೆ ಎದ್ದರೆ, ಕಣ್ಣು ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮತ್ತೆ ಅದನ್ನು ಮುಟ್ಟದೆ ವೈದ್ಯರನ್ನು ಕಾಣಿರಿ.

ಸೋದರಿಗೆ ಕಡೆಯದಾಗಿ ಒಂದು ಮಾತು. ಅತ್ತೆಯವರ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಎಂಬ ಹೆಸರಿದೆಯೇ ನೋಡಿರಿ. ಇವು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಆ ಸಕ್ಕರೆಯೇ ಶಿಲೀಂಧ್ರಕ್ಕೆ ಆಹಾರ. 2020ರ ಕೊನೆಯಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದು ಅಗ್ಗವಾದ ಮೇಲೆ ಬಹಳ ಮಂದಿ ಸೇವಿಸುತ್ತಿದ್ದಾರೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದಾದುದರಿಂದ ನೀವಾಗಿ ನಿಲ್ಲಿಸಬೇಡಿರಿ. ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಅತ್ತೆಯವರ ಜೊತೆಗೆ ನೀವೇ ಹೋಗಿರಿ. ಮಹಿಳಾ ವೈದ್ಯರು ಸಿಕ್ಕಿದರೆ ಅವರಿಗೂ ಹೇಳಿಕೊಳ್ಳುವುದು ಸುಲಭವಾದೀತು.